ಯಾವ ದಶಕದ ಚಾರ್ಟ್ ಹಾಡುಗಳು ಚೆನ್ನ? ವಾದಕ್ಕೆ ಕೂರುವ ಮೊದಲು ಇದನ್ನು ಓದಿ

ನಾನು 90ರ ದಶಕದ ಹಾಡು ಕೇಳುತ್ತಾ ಬೆಳೆದವನು. ಅದಕ್ಕೇ ಈ ವಾದದಲ್ಲಿ 90ರ ಪರ ನಿಲ್ಲಬಾರದು ಅಂತ ಮೊದಲೇ ಅಂದುಕೊಂಡೆ. ಹದಿಮೂರರಿಂದ ಹದಿನೆಂಟರ ವಯಸ್ಸಿನಲ್ಲಿ ಕಿವಿಗೆ ಬಿದ್ದ ಹಾಡು ಯಾರಿಗೇ ಆದರೂ ಲೋಕದಲ್ಲೇ ಒಳ್ಳೆಯ ಹಾಡು. ಅದರ ಜೊತೆ ಮೊದಲ ಪ್ರೀತಿ, ಪರೀಕ್ಷೆಯ ಭಯ, ಗೆಳೆಯರ ಗುಂಪು ಎಲ್ಲಾ ಅಂಟಿಕೊಂಡಿರುತ್ತದೆ. ಆ ಹಾಡನ್ನು ಯಾರಾದರೂ ಬೈದರೆ ನಮ್ಮನ್ನೇ ಬೈದ ಹಾಗೆ. ಹಾಗಾಗಿ ನಿಮ್ಮ ಹದಿಹರೆಯದ ದಶಕಕ್ಕೆ ಬೇರೆಯದಕ್ಕಿಂತ ಸ್ವಲ್ಪ ಬಿಗಿಯಾದ ಪರೀಕ್ಷೆ ಇಡಿ. ಅದನ್ನೂ ಪಾಸಾಗಿ ಬಂದರೆ ಸಂತೋಷ.

ಇನ್ನೊಂದು ಮಾತು. ಇಲ್ಲಿ ಮಾತಾಡುತ್ತಿರುವುದು ಚಾರ್ಟ್ ಹಾಡುಗಳ ಬಗ್ಗೆ, ಅಂದರೆ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ವಾರದ ಪಟ್ಟಿಯಾದ ಹಾಟ್ 100 ಮತ್ತು ಬ್ರಿಟನ್ನಿನ ಸಿಂಗಲ್ಸ್ (ಆಲ್ಬಂ ಅಲ್ಲದೆ ಬಿಡಿಯಾಗಿ ಬಿಡುಗಡೆಯಾದ ಹಾಡುಗಳ) ಪಟ್ಟಿಯಲ್ಲಿ ಮೇಲೆ ಬಂದ ಹಾಡುಗಳು. 'ನಾನು ಕೇಳಿದ ಆ ಅಪರೂಪದ ಆಲ್ಬಂ' ಲೆಕ್ಕಕ್ಕಿಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳದಿದ್ದರೆ ಹತ್ತು ನಿಮಿಷದಲ್ಲಿ ವಾದ ಎಲ್ಲಿಗೋ ಹೋಗುತ್ತದೆ, ಒಬ್ಬರು ಯಾರೂ ಕೊಳ್ಳದ ರಾಕ್ ಆಲ್ಬಂ ಬಗ್ಗೆ ಹೇಳುತ್ತಿರುತ್ತಾರೆ, ಇನ್ನೊಬ್ಬರು ಮದುವೆ ಮನೆಯಲ್ಲಿ ಎಲ್ಲರೂ ಕುಣಿದ ಹಾಡಿನ ಬಗ್ಗೆ ಹೇಳುತ್ತಿರುತ್ತಾರೆ.

ಸಾಧಾರಣ ವಾರ ಹಿಡಿಯಿರಿ

ದಶಕದ ಹತ್ತು ಒಳ್ಳೆಯ ಹಾಡು ಆರಿಸಿ ಹೋಲಿಸಿದರೆ ಎಲ್ಲಾ ದಶಕಗಳೂ ಗೆಲ್ಲುತ್ತವೆ. ಹತ್ತು ವರ್ಷದಲ್ಲಿ ಹತ್ತು ಅದ್ಭುತ ಹಾಡು ಸಿಗದ ಕಾಲ ಯಾವುದಿದೆ? ಅದರಿಂದ ಏನೂ ತಿಳಿಯುವುದಿಲ್ಲ.

ನಾನು ಮಾಡುವುದು ಹೀಗೆ. ಕಣ್ಣು ಮುಚ್ಚಿ ಒಂದು ವಾರ ಆರಿಸಿ. ಹಬ್ಬದ ವಾರ ಬೇಡ, ಯಾರೋ ದೊಡ್ಡ ಕಲಾವಿದರು ತೀರಿಹೋದ ವಾರವೂ ಬೇಡ. ಆ ವಾರದ ಮೊದಲ 20 ಹಾಡು ಸಾಲಾಗಿ ಹಾಕಿ, ಒಂದನ್ನೂ ಬಿಡದೆ ಪೂರ್ತಿ ಕೇಳಿ. ಮೂರು ಲೆಕ್ಕ ಇಟ್ಟುಕೊಳ್ಳಿ: ಮತ್ತೆ ಕೇಳಬೇಕು ಅನ್ನಿಸಿದ್ದು ಎಷ್ಟು, ತಡೆಯಲಾಗದೆ ಒದ್ದಾಡಿದ್ದು ಎಷ್ಟು, ಒಂದಕ್ಕೊಂದು ಹೋಲದೆ ಬೇರೆ ಬೇರೆ ಲೋಕದಿಂದ ಬಂದ ಹಾಗಿದ್ದದ್ದು ಎಷ್ಟು. ನನಗೆ ಮೂರನೆಯದೇ ಮುಖ್ಯ. ಚಾರ್ಟ್ ಅನ್ನುವುದು ಒಂದೇ ಬೆಂಚಿನಲ್ಲಿ ಎಲ್ಲರನ್ನೂ ಕೂರಿಸುವ ಜಾಗ. ಎಲ್ಲರೂ ಒಂದೇ ಥರ ಇದ್ದರೆ ಆ ಬೆಂಚಿಗೆ ಏನು ಬೆಲೆ?

ಪ್ರತಿ ದಶಕದಿಂದ ಇಂಥ ಐದಾರು ವಾರ ಕೇಳಿದರೆ ಸಾಕು. ನಿಮ್ಮ ಅಭಿಪ್ರಾಯ ಖಂಡಿತ ಸ್ವಲ್ಪ ಅಲುಗಾಡುತ್ತದೆ. ನನ್ನದು ಅಲುಗಾಡಿತು.

ಲೆಕ್ಕ ಹಾಕಿದ್ದು ಯಾರು, ಹೇಗೆ?

ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಚಾರ್ಟ್ ಅಂದರೆ ಜನರ ಮನಸ್ಸಿನ ನೇರ ಫೋಟೋ ಅಲ್ಲ. ಎಣಿಸುವ ರೀತಿ ಬದಲಾದಾಗಲೆಲ್ಲ ಮೇಲೆ ಬರುವ ಹಾಡೂ ಬದಲಾಗಿದೆ. ಬ್ರಿಟನ್ನಿನ ಮೊದಲ ಪಟ್ಟಿ 1952ರ ನವೆಂಬರ್ 14ರಂದು ಬಂತು. ಒಂದು ಸಂಗೀತ ಪತ್ರಿಕೆಯವರು ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಚೆನ್ನಾಗಿ ಓಡುತ್ತಿದೆ ಅಂತ ಕೇಳಿ ಬರೆದುಕೊಂಡದ್ದು ಅದು. ಹಾಟ್ 100 ಶುರುವಾದದ್ದು 1958ರ ಆಗಸ್ಟ್ 4ರಂದು. ಅಲ್ಲೂ ಬಹಳ ವರ್ಷ ಅಂಗಡಿಯವರು, ರೇಡಿಯೋದವರು ಕೊಟ್ಟ ಪಟ್ಟಿಯೇ ಆಧಾರ. ಅಂಗಡಿಯವನಿಗೆ ಇಷ್ಟವಾದದ್ದು, ಅವನ ಹತ್ತಿರ ಸ್ಟಾಕ್ ಉಳಿದದ್ದು, ರೆಕಾರ್ಡ್ ಕಂಪನಿಯವರು ಬಂದು ಒತ್ತಾಯ ಮಾಡಿದ್ದು, ಎಲ್ಲಾ ಅದರೊಳಗೆ ನುಸುಳಬಹುದಿತ್ತು.

1991ರಲ್ಲಿ ಬಾರ್‌ಕೋಡ್ ಎಣಿಸುವ ಸೌಂಡ್‌ಸ್ಕ್ಯಾನ್ ಬಂತು. ಒಂದೇ ಏಟಿಗೆ ರ‍್ಯಾಪ್ ಮತ್ತು ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿಯ ಹಾಡು) ಎಷ್ಟು ಮಾರಾಟವಾಗುತ್ತಿತ್ತು ಅನ್ನುವುದು ಬಯಲಾಯಿತು. ಇನ್ನೊಂದೂ ಆಯಿತು: ಹಾಡುಗಳು ಮೊದಲ ಸ್ಥಾನದಲ್ಲಿ ಬೇರು ಬಿಟ್ಟು ಕೂರತೊಡಗಿದವು. 1975ರಲ್ಲಿ ಹಾಟ್ 100ರ ತುದಿಗೆ 30ಕ್ಕೂ ಹೆಚ್ಚು ಹಾಡು ಹತ್ತಿ ಇಳಿದವು. 1996ರಲ್ಲಿ ಆ ಸಂಖ್ಯೆ ಹತ್ತರ ಒಳಗೆ. ಮರಾಯಾ ಕ್ಯಾರಿ ಮತ್ತು ಬಾಯ್ಜ್ ಟು ಮೆನ್ ಸೇರಿ ಹಾಡಿದ 'ಒನ್ ಸ್ವೀಟ್ ಡೇ' ಒಂದೇ 16 ವಾರ ಕೂತಿತು, 'ಮಕರೇನಾ' 14 ವಾರ. ಹಾಗಂತ 70ರ ಜನರಿಗೆ ಬೇಗ ಬೇಜಾರಾಗುತ್ತಿತ್ತು, 90ರವರಿಗೆ ತಾಳ್ಮೆ ಜಾಸ್ತಿ ಅಂತ ಅಲ್ಲ. ಎಣಿಸುವ ತಕ್ಕಡಿ ಬದಲಾಗಿತ್ತು, ಅಷ್ಟೇ.

ಅದಕ್ಕೇ 'ಇದು ಇಷ್ಟು ವಾರ ನಂಬರ್ ಒನ್ ಇತ್ತು ಗೊತ್ತಾ' ಅನ್ನುವ ವಾದವನ್ನು ದಶಕ ದಶಕಗಳ ನಡುವೆ ಒಪ್ಪಬೇಡಿ. ಒಂದೇ ದಶಕದ ಒಳಗೆ ಸರಿ.

60: ರಾಗದ ಕಾಲ

ಎರಡೂವರೆ ನಿಮಿಷದಲ್ಲಿ ಒಂದು ಪೂರ್ತಿ ಹಾಡು ಹೇಗೆ ಕಟ್ಟುವುದು ಅಂತ ಕಲಿಯಬೇಕಾದರೆ 60ರ ದಶಕಕ್ಕೇ ಹೋಗಬೇಕು. ಏಳು ಇಂಚಿನ ರೆಕಾರ್ಡಿನಲ್ಲಿ ಜಾಗ ಕಡಿಮೆ, ರೇಡಿಯೋದವರಿಗೆ ಚಿಕ್ಕ ಹಾಡೇ ಬೇಕು. ಸುಮ್ನೆ ಎಳೆಯುವ ಹಾಗಿಲ್ಲ. ಡೆಟ್ರಾಯಿಟ್‌ನ ಒಂದು ಮನೆಯಲ್ಲಿ ಮೋಟೌನ್ ಕಂಪನಿಯ ಸ್ಟುಡಿಯೋ ಇತ್ತು. ಅಲ್ಲಿ ಜೇಮ್ಸ್ ಜೇಮರ್‌ಸನ್ ಬಲಗೈಯ ಒಂದೇ ಬೆರಳಿನಲ್ಲಿ ಬೇಸ್ ಗಿಟಾರ್ (ಹಾಡಿನ ಅಡಿಯಲ್ಲಿ ಕೇಳುವ ತಗ್ಗು ಸ್ವರದ ಗಿಟಾರ್) ನುಡಿಸುತ್ತಿದ್ದರು. 'ಯೂ ಕಾಂಟ್ ಹರಿ ಲವ್' ಹಾಕಿ, ಹಾಡುವ ದನಿಯನ್ನು ಒಂದು ಕ್ಷಣ ಬದಿಗಿಟ್ಟು ಕೆಳಗಿನ ಆ ಬೇಸ್ ಮಾತ್ರ ಹಿಂಬಾಲಿಸಿ. ಅದೇ ಇನ್ನೊಂದು ಹಾಡು ಹಾಡುತ್ತಿರುತ್ತದೆ. ಸುಪ್ರೀಮ್ಸ್ ತಂಡ ಆ ದಶಕದಲ್ಲಿ ಅಮೆರಿಕದಲ್ಲಿ 12 ಸಲ ಮೊದಲ ಸ್ಥಾನ ಮುಟ್ಟಿತು. 1964ರ ಏಪ್ರಿಲ್ 4ರ ವಾರ ಹಾಟ್ 100ರ ಮೊದಲ ಐದು ಸ್ಥಾನವೂ ಬೀಟಲ್ಸ್ ಅವರದೇ.

ಆದರೆ ನೆನಪು ಮೋಸ ಮಾಡುತ್ತದೆ. 60 ಅಂದರೆ ಬರೀ ಬೀಟಲ್ಸ್ ಅಂದುಕೊಂಡವರಿಗೆ ಎರಡು ವಿಷಯ. 1967ರಲ್ಲಿ ಬ್ರಿಟನ್ನಿನಲ್ಲಿ 'ಪೆನ್ನಿ ಲೇನ್' ಮತ್ತು 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಒಂದೇ ರೆಕಾರ್ಡಿನ ಎರಡು ಬದಿಯಲ್ಲಿ ಬಂದವು, ಎರಡೂ ರತ್ನ. ಅದಕ್ಕೂ ಮೊದಲ ಸ್ಥಾನ ಸಿಗಲಿಲ್ಲ. ಎಂಗಲ್‌ಬರ್ಟ್ ಹಂಪರ್‌ಡಿಂಕ್ ಅವರ 'ರಿಲೀಸ್ ಮಿ' ದಾರಿಗೆ ಅಡ್ಡ ಕೂತಿತ್ತು. ಇನ್ನು 1969ರ ಬಿಲ್‌ಬೋರ್ಡ್ ವಾರ್ಷಿಕ ಪಟ್ಟಿಯ ಮೊದಲ ಹಾಡು 'ಶುಗರ್ ಶುಗರ್', ಅದು ಒಂದು ಕಾರ್ಟೂನ್ ತಂಡದ ಹೆಸರಲ್ಲಿ ಬಂದದ್ದು. ಕೆಟ್ಟ ಹಾಡೇನಲ್ಲ, ಆದರೆ 1969 ಅಂದಾಗ ಯಾರ ತಲೆಗೂ ಅದು ಮೊದಲು ಬರುವುದಿಲ್ಲ, ಅಲ್ವಾ? ಸಾಧಾರಣ ವಾರ ಕೇಳಿದರೆ 1964ಕ್ಕೆ ಮುಂಚಿನ ವಾರಗಳು ಸ್ವಲ್ಪ ಸಪ್ಪೆ. ನಂತರದ್ದು ಹಬ್ಬ. ಅರ್ಧ ದಶಕದ ಹಬ್ಬ ಅನ್ನಬಹುದು.

70: ನನ್ನ ವೋಟು ಇಲ್ಲಿಗೆ

1972ರಲ್ಲಿ ಹಾಟ್ 100ರ ತುದಿ ಮುಟ್ಟಿದ ಕೆಲವು ಹಾಡು ಹೇಳುತ್ತೇನೆ. ಅಲ್ ಗ್ರೀನ್ ಅವರ 'ಲೆಟ್ಸ್ ಸ್ಟೇ ಟುಗೆದರ್'. ನೀಲ್ ಯಂಗ್ ಅವರ 'ಹಾರ್ಟ್ ಆಫ್ ಗೋಲ್ಡ್'. ರಾಬರ್ಟಾ ಫ್ಲ್ಯಾಕ್ ಅವರ 'ದ ಫಸ್ಟ್ ಟೈಮ್ ಎವರ್ ಐ ಸಾ ಯುವರ್ ಫೇಸ್', ಅದು ಎಷ್ಟು ನಿಧಾನ ಅಂದರೆ ಎರಡು ಸಾಲಿನ ನಡುವೆ ಉಸಿರು ಬಿಗಿಹಿಡಿದು ಕಾಯಬೇಕು. ಬಿಲ್ ವಿದರ್ಸ್ ಅವರ 'ಲೀನ್ ಆನ್ ಮಿ'. ಜಮೈಕಾದ ರೆಗ್ಗೀ ಲಯದಲ್ಲಿ ಜಾನಿ ನ್ಯಾಶ್ ಅವರ 'ಐ ಕ್ಯಾನ್ ಸೀ ಕ್ಲಿಯರ್ಲಿ ನೌ'. ಹೆಣ್ಣುಮಕ್ಕಳ ಹೋರಾಟದ ಹಾಡೇ ಆಗಿಹೋದ ಹೆಲೆನ್ ರೆಡ್ಡಿ ಅವರ 'ಐ ಆ್ಯಮ್ ವುಮನ್'. ಇವೆಲ್ಲ ಒಂದೇ ವರ್ಷ, ಒಂದೇ ಬೆಂಚು.

ಮತ್ತೆ ಟೆಂಪ್ಟೇಷನ್ಸ್ ತಂಡದ 'ಪಾಪಾ ವಾಸ್ ಎ ರೋಲಿನ್ ಸ್ಟೋನ್'. ಇದನ್ನು ಒಂದು ಸಲ ಕತ್ತಲಲ್ಲಿ ಕೂತು ಕೇಳಿ. ಮೊದಲು ಬೇಸ್, ಕೆಲವೇ ಸ್ವರ, ನಡುವೆ ಉದ್ದ ಮೌನ. ಜೊತೆಗೆ ಹೈ-ಹ್ಯಾಟ್ ತಾಳ, ಟಿಕ್ ಟಿಕ್ ಅಂತ. ದೂರದಲ್ಲೆಲ್ಲೋ ಪ್ರತಿಧ್ವನಿಸುವ ಟ್ರಂಪೆಟ್. ಪಿಟೀಲುಗಳು ಮೆಲ್ಲಗೆ ಏರುತ್ತವೆ. ವಾ-ವಾ ಗಿಟಾರ್ ಬಂದು ಹೋಗುತ್ತದೆ. ಇನ್ನೂ ಯಾರೂ ಹಾಡಲು ಶುರು ಮಾಡಿಲ್ಲ! ಸಿಂಗಲ್ ರೂಪದಲ್ಲೇ ಸುಮಾರು ಏಳು ನಿಮಿಷದ ಹಾಡು, ತೀರಿಹೋದ ಅಪ್ಪನ ಬಗ್ಗೆ ಮಕ್ಕಳು ಅಮ್ಮನನ್ನು ಕೇಳುವ ಕಥೆ, ಇದು ಅಮೆರಿಕದ ನಂಬರ್ ಒನ್. ಜನ ಕಾದರು. ಆ ಕಾಯುವಿಕೆಯೇ ಹಾಡಿನ ಅರ್ಧ ಜೀವ.

70ರ ದಶಕ ಇಷ್ಟವಾಗಲು ನನಗಿರುವ ದೊಡ್ಡ ಕಾರಣ ಬೇರೆ. ಕೈಯಿಂದ ನುಡಿಸುವುದು ಮತ್ತು ಯಂತ್ರದಿಂದ ಮಾಡುವುದು, ಎರಡೂ ಆಗ ಸಮ ತೂಕದಲ್ಲಿದ್ದವು. ಬೀ ಜೀಸ್ ಅವರ 'ಸ್ಟೇಯಿನ್ ಅಲೈವ್' ಮಾಡುವಾಗ ಡ್ರಮ್ ನುಡಿಸುವ ಡೆನ್ನಿಸ್ ಬ್ರಯಾನ್ ತಾಯಿಯ ಕಾರಣಕ್ಕೆ ಊರಿಗೆ ಹೋಗಬೇಕಾಯಿತು. ಸ್ಟುಡಿಯೋದಲ್ಲಿ ಡ್ರಮ್ ನುಡಿಸುವವರಿಲ್ಲ. ಆಗ ತಂಡದವರು ತಮ್ಮ ಇನ್ನೊಂದು ಹಾಡು 'ನೈಟ್ ಫೀವರ್'ಗೆ ಬ್ರಯಾನ್ ಅದಾಗಲೇ ನುಡಿಸಿದ್ದ ತಾಳದಿಂದ ಎರಡು ಆವರ್ತ ತೆಗೆದು, ಟೇಪಿನ ಎರಡು ತುದಿ ಅಂಟಿಸಿ, ಸುತ್ತುತ್ತಾ ಇರುವ ಹಾಗೆ ಮಾಡಿದರು. ಹಾಡಿನ ಉದ್ದಕ್ಕೂ ಕೇಳಿಸುವುದು ಆ ಟೇಪಿನ ಬಳೆ. ರೆಕಾರ್ಡಿನ ಮೇಲೆ ಡ್ರಮ್ಮರ್ ಹೆಸರು 'ಬರ್ನಾರ್ಡ್ ಲೂಪ್' ಅಂತ ಹಾಕಿದರು (ಲೂಪ್ ಅಂದರೆ ಸುತ್ತು), ಅಂಥ ಮನುಷ್ಯನೇ ಇಲ್ಲ. ಆ ತಾಳ ಯಂತ್ರದಷ್ಟು ಅಚಲ, ಆದರೆ ನುಡಿಸಿದ ಕೈ ಮನುಷ್ಯನದು. ಅದಕ್ಕೇ ಅದು ನಡಿಗೆಯ ಹಾಗೆ ಕೇಳುತ್ತದೆ, ಕಾರ್ಖಾನೆಯ ಹಾಗೆ ಅಲ್ಲ.

1975ರಲ್ಲಿ 10ಸಿಸಿ ತಂಡ 'ಐಯಾಮ್ ನಾಟ್ ಇನ್ ಲವ್'ಗೆ ತಮ್ಮದೇ ದನಿಗಳನ್ನು ಒಂದರ ಮೇಲೊಂದು ಪದರ ಪದರವಾಗಿ ಹಾಕಿ, ನೂರಾರು ಜನ ಒಟ್ಟಿಗೆ 'ಆ' ಅನ್ನುವ ಮೋಡದಂಥ ಒಂದು ಸದ್ದು ಕಟ್ಟಿತು. ಎಲ್ಲವೂ ಟೇಪಿನಲ್ಲಿ. ಮಿಕ್ಸಿಂಗ್ ಮೇಜಿನ ಗುಂಡಿಗಳನ್ನು ಏರಿಸಿ ಇಳಿಸಿ ಸ್ವರಮೇಳ ನುಡಿಸಿದರು. ಎರಡು ವರ್ಷ ಆದಮೇಲೆ ಜಾರ್ಜಿಯೋ ಮೊರೋಡರ್ ಮತ್ತು ಡೋನಾ ಸಮ್ಮರ್ 'ಐ ಫೀಲ್ ಲವ್' ತಂದರು. ಮೂಗ್ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಬಡಿತದ ಮೇಲೆ ಒಂದು ದನಿ ತೇಲುತ್ತದೆ. ಬ್ರಿಟನ್ನಿನಲ್ಲಿ ಅದು ನಂಬರ್ ಒನ್. ಇವತ್ತಿನ ಕ್ಲಬ್‌ನಲ್ಲಿ ಹಾಕಿದರೂ ಯಾರೂ ಹಳೆಯದು ಅನ್ನುವುದಿಲ್ಲ.

ಕಸ ಇರಲಿಲ್ಲವಾ? ಇತ್ತು, ಬೇಕಾದಷ್ಟು. 1976ರಲ್ಲಿ 'ಡಿಸ್ಕೋ ಡಕ್' ಅಂತ ಬಾತುಕೋಳಿ ದನಿಯ ಹಾಡು ಮೊದಲ ಸ್ಥಾನಕ್ಕೆ ಬಂತು. 1977ರಲ್ಲಿ 'ಯೂ ಲೈಟ್ ಅಪ್ ಮೈ ಲೈಫ್' ಹತ್ತು ವಾರ ಅಲ್ಲಾಡಲಿಲ್ಲ, ನನಗಂತೂ ಅದು ತುಂಬಾ ಸಿಹಿ. ಮೊದಲು ಹೇಳಿದ 1972ರಲ್ಲೇ ರಾಕ್ ಆ್ಯಂಡ್ ರೋಲ್‌ಗೆ ಅಡಿಪಾಯ ಹಾಕಿದ ಚಕ್ ಬೆರ್ರಿ ಅವರಿಗೆ ಅಮೆರಿಕದಲ್ಲಿ ಜೀವನದ ಒಂದೇ ಒಂದು ನಂಬರ್ ಒನ್ ಸಿಕ್ಕಿತು, ಅದೂ 'ಮೈ ಡಿಂಗ್-ಎ-ಲಿಂಗ್' ಅನ್ನುವ ಪೋಲಿ ಹಾಡಿಗೆ. ಇದು ನೆನಪಾದಾಗಲೆಲ್ಲ ಬೇಸರವಾಗುತ್ತದೆ. ಆದರೂ ಸಾಧಾರಣ ವಾರದ ಪರೀಕ್ಷೆಯಲ್ಲಿ, 20ರಲ್ಲಿ ಬೇರೆ ಬೇರೆ ಲೋಕದ ಹಾಡು ಎಷ್ಟು ಅಂತ ಎಣಿಸಿದಾಗ, 70 ನನ್ನ ಪಟ್ಟಿಯಲ್ಲಿ ಪ್ರತಿ ಸಲವೂ ಮುಂದೆ.

80: ಒಂದು ವರ್ಷದ ಮಟ್ಟಿಗಾದರೆ ಇದೇ

ದಶಕ ಬಿಟ್ಟು ಒಂದೇ ವರ್ಷ ಆರಿಸಿ ಅಂದರೆ ನಾನು 1984 ಅನ್ನಬಹುದು. ಆ ವರ್ಷದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಪ್ರಿನ್ಸ್ ಅವರ 'ವೆನ್ ಡವ್ಸ್ ಕ್ರೈ'. ಅದರ ಕೆಳಗೆ ಟೀನಾ ಟರ್ನರ್, ನಂತರದ ಸ್ಥಾನಗಳಲ್ಲಿ ಫಿಲ್ ಕಾಲಿನ್ಸ್, ವ್ಯಾನ್ ಹೇಲನ್, ಲಯನಲ್ ರಿಚಿ, ಕಲ್ಚರ್ ಕ್ಲಬ್. 'ವೆನ್ ಡವ್ಸ್ ಕ್ರೈ'ನಲ್ಲಿ ಬೇಸ್ ಇಲ್ಲವೇ ಇಲ್ಲ. ಎಲ್ಲಾ ವಾದ್ಯ ತಾವೇ ನುಡಿಸಿದ ಪ್ರಿನ್ಸ್ ಕೊನೆಗೆ ಬೇಸ್ ತೆಗೆದುಹಾಕಿದರು. ಕುಣಿಯುವ ಹಾಡಿಗೆ ಬೇಸ್ ಇಲ್ಲದಿದ್ದರೆ ಮನೆಗೆ ನೆಲವೇ ಇಲ್ಲದ ಹಾಗೆ, ಆದರೂ ಅದು ನಿಲ್ಲುತ್ತದೆ. ಐದು ವಾರ ನಂಬರ್ ಒನ್ ಆಗಿ ನಿಂತಿತು.

1981ರ ಆಗಸ್ಟ್ 1ಕ್ಕೆ ಹಾಡಿನ ವಿಡಿಯೋ ತೋರಿಸುವ ಟಿವಿ ಚಾನೆಲ್ ಎಂಟಿವಿ ಶುರುವಾದ ಮೇಲೆ ಹಾಡಿಗೆ ಮುಖವೂ ಬೇಕಾಯಿತು. ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ನನ್ನ ದೂರು ದಶಕದ ಎರಡನೇ ಅರ್ಧದ ಮೇಲೆ. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಕೀಬೋರ್ಡಿನಲ್ಲಿ ಒಂದು ರೆಡಿಮೇಡ್ ಎಲೆಕ್ಟ್ರಿಕ್ ಪಿಯಾನೋ ಸದ್ದು ಇತ್ತು, ಗಾಜಿನ ಗಂಟೆಯ ಹಾಗೆ. ಪ್ರೇಮಗೀತೆ ಅಂದರೆ ಅದೇ ಸದ್ದು, ಅದೇ ದೊಡ್ಡ ಡ್ರಮ್ ಅನ್ನುವ ಹಾಗಾಯಿತು. 1987ರ ಸುತ್ತಿನ ವಾರಗಳನ್ನು ಸಾಲಾಗಿ ಕೇಳಿದರೆ ಯಾವುದು ಮುಗಿದು ಯಾವುದು ಶುರುವಾಯಿತು ಅಂತ ಕೆಲವು ಕಡೆ ಗೊತ್ತಾಗುವುದಿಲ್ಲ. ಆದರೆ ಮನಸ್ಸಿಗೆ ಅಂಟುವ ಪಲ್ಲವಿಯ ಲೆಕ್ಕದಲ್ಲಿ 80ನ್ನು ಸೋಲಿಸುವುದು ಕಷ್ಟ. ಪಾರ್ಟಿಗೆ, ಉದ್ದದ ಕಾರು ಪ್ರಯಾಣಕ್ಕೆ, ಎಲ್ಲಾ ವಯಸ್ಸಿನವರು ಸೇರಿ ಹಾಡುವುದಕ್ಕೆ ಒಂದು ದಶಕ ಬೇಕು ಅಂದರೆ ಯೋಚನೆ ಬೇಡ, ಇದನ್ನೇ ಹಾಕಿ. ಕೇಟ್ ಬುಷ್ ಅವರ 'ರನ್ನಿಂಗ್ ಅಪ್ ದಟ್ ಹಿಲ್' 1985ರಲ್ಲಿ ಬ್ರಿಟನ್ನಿನಲ್ಲಿ ಮೂರನೇ ಸ್ಥಾನಕ್ಕೆ ಬಂದಿತ್ತು. 2022ರಲ್ಲಿ ಅದೇ ಹಾಡು ಮೊದಲ ಸ್ಥಾನಕ್ಕೆ ಬಂತು, 37 ವರ್ಷ ಆದಮೇಲೆ.

90: ನನ್ನ ದಶಕ, ಆದರೆ ಪಟ್ಟಿಯಲ್ಲೇ ತೂತು

ದನಿಯ ಲೆಕ್ಕದಲ್ಲಿ 90 ದೊಡ್ಡದು. ವಿಟ್ನಿ ಹ್ಯೂಸ್ಟನ್ 'ಐ ವಿಲ್ ಆಲ್ವೇಸ್ ಲವ್ ಯೂ' ಶುರು ಮಾಡುವಾಗ ಒಂದು ವಾದ್ಯವೂ ಇಲ್ಲ, ಬರೀ ದನಿ, ಅದೂ ಮೆಲ್ಲಗೆ. 14 ವಾರ ಅಮೆರಿಕ ಅದನ್ನೇ ಕೇಳಿತು. ಟಿಎಲ್‌ಸಿ ತಂಡದ 'ವಾಟರ್‌ಫಾಲ್ಸ್' ಡ್ರಗ್ಸ್ ದಂಧೆ ಮತ್ತು ಏಡ್ಸ್ ಬಗ್ಗೆ ಹಾಡಿ 1995ರಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು.

ತೂತು ಯಾವುದು ಅಂದರೆ, 1998ರ ಡಿಸೆಂಬರ್‌ವರೆಗೆ ಹಾಟ್ 100ಕ್ಕೆ ಬರಬೇಕಾದರೆ ಹಾಡು ಅಂಗಡಿಯಲ್ಲಿ ಸಿಂಗಲ್ ಆಗಿ ಮಾರಾಟಕ್ಕೆ ಇರಲೇಬೇಕಿತ್ತು. ರೆಕಾರ್ಡ್ ಕಂಪನಿಗಳು ಸಿಂಗಲ್ ಬಿಡದೇ ಇದ್ದರೆ ಜನ ಇಡೀ ಆಲ್ಬಂ ಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿದವು. ಹಾಗಾಗಿ ನೋ ಡೌಟ್ ತಂಡದ 'ಡೋಂಟ್ ಸ್ಪೀಕ್' 16 ವಾರ ರೇಡಿಯೋದಲ್ಲಿ ನಂಬರ್ ಒನ್ ಆಗಿದ್ದರೂ ಹಾಟ್ 100ರಲ್ಲಿ ಅದರ ಹೆಸರೇ ಇಲ್ಲ! ರೇಡಿಯೋ ಪಟ್ಟಿಯ ತುದಿಯಲ್ಲಿ ವಾರಗಟ್ಟಲೆ ಕೂತಿದ್ದ ನಟಾಲಿ ಇಂಬ್ರೂಲಿಯಾ ಅವರ 'ಟೋರ್ನ್' ನಿಯಮ ಬದಲಾಗುವ ಹೊತ್ತಿಗೆ ಹಳೆಯದಾಗಿ 42ಕ್ಕೆ ನಿಂತಿತು. ಆ ಕಾಲದಲ್ಲಿ ಬದುಕಿದ್ದವರಿಗೆಲ್ಲ ಈ ಎರಡು ಹಾಡು ಬಾಯಿಪಾಠ. ಪಟ್ಟಿ ಮಾತ್ರ ನೋಡಿದವನಿಗೆ ಇವು ನಡೆದೇ ಇಲ್ಲ. ಹಾಗಾಗಿ 90ರ ಪರ ವಾದಿಸುವವರು ಅಮೆರಿಕದ ಪಟ್ಟಿ ಬಿಟ್ಟು ಬ್ರಿಟನ್ನಿನದು ಹಿಡಿಯಿರಿ. ಅಲ್ಲಿ 'ಡೋಂಟ್ ಸ್ಪೀಕ್' ನಂಬರ್ ಒನ್, 'ಟೋರ್ನ್' ನಂಬರ್ ಟೂ.

2000: ಜನ ಕೊಡುವ ಮಾರ್ಕಿಗಿಂತ ಬಹಳ ಒಳ್ಳೆಯದು

ಈ ದಶಕವನ್ನು ಸುಮ್ನೆ ತಳ್ಳಿಹಾಕುವವರ ಜೊತೆ ನಾನು ಗಂಟೆಗಟ್ಟಲೆ ವಾದ ಮಾಡಿದ್ದೇನೆ. ಮಿಸ್ಸಿ ಎಲಿಯಟ್ ಅವರ 'ಗೆಟ್ ಯುವರ್ ಫ್ರೀಕ್ ಆನ್' 2001ರಲ್ಲಿ ಪಂಜಾಬಿನ ಒಂಟಿ ತಂತಿಯ ವಾದ್ಯ 'ತುಂಬಿ'ಯ ನಾದ ಹೊತ್ತುಕೊಂಡು ಹಾಟ್ 100ರ ಏಳನೇ ಸ್ಥಾನಕ್ಕೆ ಬಂತು. ಹಾಡಿನ ನಿರ್ಮಾಪಕ ಟಿಂಬಲೆಂಡ್ ಅದನ್ನು ಕಟ್ಟಿದ ರೀತಿ ನೋಡಿ, ಹಾಡಿನಲ್ಲಿ ಅರ್ಧ ಜಾಗ ಖಾಲಿ. ಬ್ರಿಟ್ನಿ ಸ್ಪಿಯರ್ಸ್ ಅವರ 'ಟಾಕ್ಸಿಕ್' 2004ರಲ್ಲಿ ಬ್ರಿಟನ್ನಿನ ನಂಬರ್ ಒನ್. ಅದರಲ್ಲಿ ಚುಚ್ಚುವ ಹಾಗೆ ಬರುವ ಪಿಟೀಲು ಎಲ್ಲಿಯದು ಗೊತ್ತಾ? 1981ರ ಒಂದು ಹಿಂದಿ ಸಿನಿಮಾದ ಹಾಡಿನದು, ಲತಾ ಮಂಗೇಶ್ಕರ್ ಮತ್ತು ನಮ್ಮ ಎಸ್‌ಪಿಬಿ ಹಾಡಿದ 'ತೇರೆ ಮೇರೆ ಬೀಚ್ ಮೇ'. ಮೊದಲ ಸಲ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದಾಗ ಮೈ ಜುಂ ಅಂದಿತು. ಔಟ್‌ಕಾಸ್ಟ್ ತಂಡದ 'ಹೇ ಯಾ' ಒಂಬತ್ತು ವಾರ. ಬಿಯಾನ್ಸೆ ಅವರ 'ಕ್ರೇಜಿ ಇನ್ ಲವ್' ಎಂಟು ವಾರ, ಅದರ ತುತ್ತೂರಿ ಶೈ-ಲೈಟ್ಸ್ ತಂಡದ ಹಳೆಯ ಹಾಡಿನಿಂದ ಕತ್ತರಿಸಿದ್ದು. ಹಳೆಯದನ್ನು ಕತ್ತರಿಸಿ ಹೊಸದು ಹೊಲಿಯುವ ಕೆಲಸ ಚಾರ್ಟಿನಲ್ಲಿ ಇಷ್ಟು ಚೆನ್ನಾಗಿ ಬೇರೆ ಯಾವಾಗಲೂ ಆಗಿಲ್ಲ ಅಂತ ನನ್ನ ನಂಬಿಕೆ.

ತೊಂದರೆ ಸದ್ದಿನದು. ಎಲ್ಲರಿಗಿಂತ ಜೋರಾಗಿ ಕೇಳಬೇಕು ಅಂತ ಹಾಡಿನ ಏರಿಳಿತವನ್ನೆಲ್ಲ ಒತ್ತಿ ಚಪ್ಪಟೆ ಮಾಡಿದ್ದಾರೆ. 20 ಹಾಡು ಒಟ್ಟಿಗೆ ಕೇಳಿದರೆ ತಲೆ ಭಾರವಾಗುತ್ತದೆ. 70ರ ಯಾವ ವಾರ ಕೇಳಿದರೂ ಹಾಗಾಗುವುದಿಲ್ಲ. ನನ್ನ ಎರಡನೇ ಸ್ಥಾನ ಆದರೂ ಇದಕ್ಕೇ, 80ಕ್ಕಿಂತ ಒಂದು ಕೂದಲೆಳೆ ಮುಂದೆ.

2010ರ ದಶಕದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹಾಡುಗಳು ಕೆಟ್ಟವಲ್ಲ. ಅಡೆಲ್ ಅವರ 'ಸಮ್‌ವನ್ ಲೈಕ್ ಯೂ', ಒಂದು ಪಿಯಾನೋ ಒಂದು ದನಿ, ಎರಡೂ ದೇಶದಲ್ಲಿ ನಂಬರ್ ಒನ್. ಲಾರ್ಡ್ ಅವರ 'ರಾಯಲ್ಸ್' ಬಂದಾಗ ಆಕೆಗೆ 16 ವರ್ಷ. ಆದರೆ ಸ್ಟ್ರೀಮಿಂಗ್ ಎಣಿಕೆ ಬಂದಮೇಲೆ ಬೆಂಚಿನಲ್ಲಿ ಒಬ್ಬರೇ ಕಾಲು ಚಾಚಿ ಮಲಗತೊಡಗಿದರು. 2017ರ ಮಾರ್ಚ್‌ನ ಒಂದು ವಾರ ಬ್ರಿಟನ್ನಿನ ಮೊದಲ 20ರಲ್ಲಿ 16 ಹಾಡು ಎಡ್ ಶೀರನ್ ಒಬ್ಬರವೇ. ಅದಾದ ಮೇಲೆ ಒಬ್ಬ ಕಲಾವಿದರಿಗೆ ಮೂರೇ ಹಾಡು ಅಂತ ನಿಯಮ ತರಬೇಕಾಯಿತು. ಹಾಡು 30 ಸೆಕೆಂಡು ಓಡಿದರೆ ಒಂದು ಎಣಿಕೆ, ಹಾಗಾಗಿ ಶುರುವಿನ ವಾದ್ಯ ಮಾಯ, ಮೊದಲ ಕ್ಷಣಕ್ಕೇ ದನಿ. 2019ರಲ್ಲಿ 19 ವಾರ ಕೂತ 'ಓಲ್ಡ್ ಟೌನ್ ರೋಡ್' ಮೂಲ ರೂಪದಲ್ಲಿ ಎರಡು ನಿಮಿಷಕ್ಕಿಂತ ಚಿಕ್ಕದು. 'ಪಾಪಾ ವಾಸ್ ಎ ರೋಲಿನ್ ಸ್ಟೋನ್' ಹಾಕಿದರೆ ಅಷ್ಟು ಹೊತ್ತಿಗೆ ನಾವಿನ್ನೂ ಟ್ರಂಪೆಟ್ ಕೇಳುತ್ತಾ ಕೂತಿರುತ್ತೇವೆ.

ನೀವು ಯಾವುದು ಆರಿಸಬೇಕು ಅಂದರೆ, ಹಾಡಿನಲ್ಲಿ ನಿಮಗೆ ಮೊದಲು ಕಿವಿಗೆ ಬೀಳುವುದು ಏನು ಅಂತ ನೋಡಿಕೊಳ್ಳಿ. ಗುನುಗುವ ರಾಗವಾದರೆ 1964ರಿಂದ 69. ಪಲ್ಲವಿಯಾದರೆ 80ರ ಮೊದಲ ಅರ್ಧ. ದನಿಯಾದರೆ 90. ತಾಳ ಕಟ್ಟುವ ಜಾಣತನವಾದರೆ 2000. ಎಲ್ಲವೂ ಸ್ವಲ್ಪ ಸ್ವಲ್ಪ ಬೇಕು, ಮುಂದಿನ ಹಾಡು ಯಾವ ಥರದ್ದು ಅಂತ ಊಹಿಸಲಾಗಬಾರದು ಅನ್ನುವವರಾದರೆ ನನ್ನ ಜೊತೆ 70ಕ್ಕೆ ಬನ್ನಿ. 1972ರ ನಂಬರ್ ಒನ್‌ಗಳನ್ನು ಜನವರಿಯಿಂದ ಡಿಸೆಂಬರ್‌ವರೆಗೆ ಸಾಲಾಗಿ ಹಾಕಿ. ಅಕ್ಟೋಬರ್‌ನಲ್ಲಿ ಚಕ್ ಬೆರ್ರಿ ಹಾಡು ಬಂದಾಗ ಎದ್ದು ಹೋಗಿ ಟೀ ಮಾಡಿಕೊಂಡು ಬನ್ನಿ, ವಾಪಸ್ ಬರುವಷ್ಟರಲ್ಲಿ ಜಾನಿ ನ್ಯಾಶ್ ಶುರು ಮಾಡಿರುತ್ತಾರೆ.